ಹೆಂಚಿನ ಮನೆ, ಆರ್‌ಸಿಸಿ ಮನೆ, ಐದು ಸ್ಪೀಕರ್

“ಮಾತು ಕೇಳಿಸಲ್ಲ, ಹೊಡೆದಾಟ ಬಂದರೆ ಕಿಟಕಿ ಗಾಜು ಅದುರುತ್ತೆ.” ಹೋಂ ಥಿಯೇಟರ್ ತಂದು ಒಂದು ತಿಂಗಳಾದ ಮೇಲೆ ಹಾಸನದ ಬಡಾವಣೆ ಮನೆಗಳಲ್ಲೂ ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲೂ ಕೇಳಿಬರುವ ದೂರು ಇದೇ. ಮಾತು ಬಂದಾಗ ಏರಿಸಿ, ಹಾಡು ಬಂದಾಗ ಇಳಿಸಿ, ರಿಮೋಟ್ ಹಿಡಿದವರು ಸಿನಿಮಾ ಪೂರ್ತಿ ಅದೇ ಕೆಲಸ ಮಾಡುತ್ತಾರೆ. ಕೊನೆಗೊಂದು ದಿನ ಹಿಂದಿನ ಎರಡು ಸ್ಪೀಕರ್ ಅಟ್ಟ ಸೇರುತ್ತವೆ, ಟಿವಿಯ ಸ್ವಂತ ಸದ್ದೇ ವಾಸಿ ಅನ್ನೋ ತೀರ್ಮಾನ ಆಗುತ್ತದೆ. ಅಷ್ಟು ದುಡ್ಡು ಹಾಕಿದ ಮನೆಯಲ್ಲಿ ಹೀಗಾಗಬಾರದು. ಹೀಗಾದಾಗ ಸ್ಪೀಕರ್ ಕೆಟ್ಟಿರುವುದು ಅಪರೂಪ.

ಸೆಟ್ಟಿಂಗ್‌ಗೆ ಒಂದು ಕ್ರಮ ಇದೆ. ಮೊದಲು ತಂತಿ, ಆಮೇಲೆ ಜಾಗ, ಆಮೇಲೆ ಕ್ರಾಸ್‌ಓವರ್ (ಆಳದ ಸ್ವರವನ್ನು ಉಳಿದದ್ದರಿಂದ ಬೇರ್ಪಡಿಸುವ ಗಡಿ), ಆಮೇಲೆ ದೂರ, ಕಟ್ಟಕಡೆಗೆ ಸದ್ದಿನ ಮಟ್ಟ. ಈ ಸಾಲಿನಲ್ಲಿ ಮುಂದಿನ ಹೆಜ್ಜೆ ಹಿಂದಿನ ಹೆಜ್ಜೆಯ ತಪ್ಪನ್ನು ಮುಚ್ಚಬಲ್ಲದು, ತಿದ್ದಲಾರದು. ಮಾತು ಬರುವ ಸೆಂಟರ್ ಸ್ಪೀಕರ್ ಷೋಕೇಸಿನ ಗೂಡಿನೊಳಗೆ ಸಿಕ್ಕಿಕೊಂಡಿದ್ದರೆ ಅದರ ಮಟ್ಟವನ್ನು ಎಷ್ಟೇ ಏರಿಸಿದರೂ ಮಾತು ಜೋರಾಗುತ್ತದೆಯೇ ಹೊರತು ಸ್ಪಷ್ಟ ಆಗುವುದಿಲ್ಲ. ಮೆನುವಿನಲ್ಲಿ ಕಾಣುವ ಅಂಕಿಗಳನ್ನು ಹಿಂದೆ ಮುಂದೆ ಮಾಡುತ್ತಾ ವಾರಗಟ್ಟಲೆ ಒದ್ದಾಡುವವರಲ್ಲಿ ಬಹುಪಾಲು ಜನ ಈ ಸಾಲನ್ನು ಕೊನೆಯಿಂದ ಹಿಡಿದಿರುತ್ತಾರೆ.

ಸಾಲು ಶುರು ಮಾಡುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು: ನಿಮ್ಮ ಪೆಟ್ಟಿಗೆಗೆ ಬೇರೆಬೇರೆ ಐದು ಚಾನೆಲ್, ಅಂದರೆ ಸ್ಪೀಕರಿಗೊಂದರಂತೆ ಬೇರೆ ಸದ್ದು, ಬರುತ್ತಿವೆಯೇ? ಫೋನನ್ನು ಬ್ಲೂಟೂತ್‌ನಲ್ಲಿ ಸೇರಿಸಿದರೆ ಬರುವುದು ಎರಡೇ ಚಾನೆಲ್. ಕಡಿಮೆ ಬೆಲೆಯ 5.1 ಸೆಟ್‌ಗಳಲ್ಲಿ (ಐದು ಸ್ಪೀಕರ್, ಆಳದ ಸ್ವರಕ್ಕೆ ಒಂದು ಸಬ್‌ವೂಫರ್) ಪೆನ್‌ಡ್ರೈವ್‌ನಿಂದಲೂ ಸಾಮಾನ್ಯವಾಗಿ ಎರಡೇ. ಅದೇ ಎರಡನ್ನು ಐದೂ ಸ್ಪೀಕರಿಗೆ ಹಂಚುತ್ತವೆ. ಎಲ್ಲ ಕಡೆಯಿಂದ ಸದ್ದು ಬಂದ ಮಾತ್ರಕ್ಕೆ ಅದು ಸರೌಂಡ್ ಅಲ್ಲ. ಎವಿ ರಿಸೀವರ್ (ಸದ್ದನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಇದ್ದರೆ ಎಚ್‌ಡಿಎಂಐ ತಂತಿ ಎರಡೂ ಕಡೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಕಿಂಡಿಗೇ ಹೋಗಬೇಕು, ಪಕ್ಕದ್ದಕ್ಕಲ್ಲ. ಟಿವಿಯ ಆಡಿಯೋ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಸಾಮಾನ್ಯವಾಗಿ ಎರಡು ಚಾನೆಲ್ ಮಾತ್ರ ಹೊರಬರುತ್ತವೆ. ಅದನ್ನು ಆಟೋ, ಪಾಸ್‌ತ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಿ. ಡಿಟಿಎಚ್ ಪೆಟ್ಟಿಗೆಯಲ್ಲೂ ಡಾಲ್ಬಿ ಡಿಜಿಟಲ್ ಎಂಬ ಆಯ್ಕೆ ಬೇರೆ ಇರುತ್ತದೆ, ಅದನ್ನೂ ಆನ್ ಮಾಡಬೇಕು. ಆಮೇಲೆ 5.1 ಇರುವ ಸಿನಿಮಾ ಹಾಕಿ ರಿಸೀವರಿನ ಮುಖ ನೋಡಿ. ಡಾಲ್ಬಿ ಎಂಬ ಅಕ್ಷರ ಬೆಳಗಿದರೆ ಸರಿ. ಡಿಕೋಡರ್ ಇಲ್ಲದ ಮಲ್ಟಿಮೀಡಿಯಾ ಸೆಟ್ ಆದರೆ ಆಪ್ಟಿಕಲ್ ತಂತಿಯನ್ನು ಆರು ತಂತಿಯಾಗಿ ಬಿಡಿಸುವ ಸಣ್ಣ ಡಿಕೋಡರ್ ಪೆಟ್ಟಿಗೆ ಬೇಕು. ಅಲ್ಲಿ ಕಿತ್ತಳೆ ಬಣ್ಣದ ಪಿನ್ನಿನಲ್ಲಿ ಸೆಂಟರ್ ಮತ್ತು ಸಬ್‌ವೂಫರ್ ಒಟ್ಟಿಗೆ ಇರುತ್ತವೆ. ಎರಡು ಅದಲುಬದಲಾದರೆ ನಾಯಕನ ಮಾತು ಸಬ್‌ವೂಫರಿನ ಹೊಟ್ಟೆಯಿಂದ ಗೊರಗೊರ ಬರುತ್ತದೆ. ಪಿನ್ ಅದಲಿಸಿದರೆ ಮುಗಿಯಿತು.

ಇನ್ನು ತಂತಿ. ಪ್ರತಿ ಸ್ಪೀಕರಿಗೂ ಕೆಂಪು, ಕಪ್ಪು ಎರಡು ತುದಿ. ಒಂದರಲ್ಲಿ ತಿರುವುಮುರುವು ಆದರೂ ಅದರ ಕೋನ್ (ಒಳಗೆ ಅದುರುವ ತಟ್ಟೆ) ಮುಂದೆ ಬರುವ ಹೊತ್ತಿಗೆ ಪಕ್ಕದ್ದು ಹಿಂದೆ ಹೋಗುತ್ತದೆ. ಆಗ ಬೇಸ್, ಅಂದರೆ ಆಳದ ಸ್ವರ, ಒಂದಕ್ಕೊಂದು ಕಳೆದುಹೋಗಿ ಧ್ವನಿ ಟೊಳ್ಳಾಗುತ್ತದೆ, ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಗೋಡೆಯೊಳಗೆ ಹೋದ ತಂತಿಯ ಗುರುತು ಸಿಗದಿದ್ದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ತಂತಿಯನ್ನು ರಿಸೀವರಿನಿಂದ ಪೂರ್ತಿ ಬಿಚ್ಚಿ, ಆ ತುದಿಗೆ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಇನ್ನೊಬ್ಬರು ಸ್ಪೀಕರಿನ ಜಾಲರಿ ತೆಗೆದು ದೊಡ್ಡ ಕೋನನ್ನು ನೋಡುತ್ತಿರಲಿ. ‘ಟಕ್’ ಎಂದು ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ತಂತಿಯೇ ಕೆಂಪಿನದು. ಒಳಗೆ ಹೋದರೆ ಉಲ್ಟಾ. ಗೊತ್ತಾದ ತಂತಿಗೆ ಅಲ್ಲೇ ಕೆಂಪು ಟೇಪ್ ಸುತ್ತಿಬಿಡಿ, ಮುಂದಿನ ಸಲಕ್ಕೆ ಬೇಕಾಗುತ್ತದೆ. ತುದಿಯ ಎಳೆಗಳನ್ನು ಬಿಗಿಯಾಗಿ ಹೊಸೆದು ಒಳಗೆ ಹಾಕಿ. ಹೊರಗುಳಿದ ಕೂದಲಿನಂಥ ಒಂದೇ ಎಳೆ ಪಕ್ಕದ ತುದಿ ಮುಟ್ಟಿದರೆ ರಿಸೀವರ್ ಪ್ರೊಟೆಕ್ಟ್ ಎಂದು ತೋರಿಸಿ ನಿಂತುಬಿಡುತ್ತದೆ.

ದಪ್ಪದ ಲೆಕ್ಕ ಸುಲಭ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ತಡೆ. ಸ್ಪೀಕರ್ 10 ಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿ 20 ಮೀಟರ್, ಅಂದರೆ ಕಾಲು ಓಮ್ ಹತ್ತಿರ. 6 ಅಥವಾ 8 ಓಮಿನ ಸ್ಪೀಕರಿಗೆ ಇದು ಧಾರಾಳ ಸಾಕು. ಅದಕ್ಕಿಂತ ದೂರ ಆದರೆ 2.5 ಹಾಕಿ. ಅದಕ್ಕೂ ಮೀರಿ ದುಬಾರಿ ತಂತಿಗೆ ದುಡ್ಡು ಸುರಿಯುವ ಬದಲು ಒಳ್ಳೆ ಸ್ಟ್ಯಾಂಡ್ ಕೊಳ್ಳುವುದು ಮೇಲು. ಅಗ್ಗದ ಸ್ಪೀಕರ್ ತಂತಿ ಎಷ್ಟೋ ಸಲ ತಾಮ್ರದ ಬಣ್ಣದ ಅಲ್ಯೂಮಿನಿಯಂ ಆಗಿರುತ್ತದೆ. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಬೇಡ.

ಮನೆ ಕಟ್ಟುತ್ತಿರುವವರಿಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಎಲೆಕ್ಟ್ರಿಷಿಯನ್ ಕೇಳುವ ಮುಂಚೆಯೇ ಹಿಂದಿನ ಸ್ಪೀಕರಿನ ಪೈಪನ್ನು ಲಿಂಟಲ್ ಮಟ್ಟಕ್ಕೆ, ಅಂದರೆ 7 ಅಡಿಗೆ, ಹಿಂದಿನ ಗೋಡೆಯ ಎರಡು ಮೂಲೆಯಲ್ಲಿ ಎತ್ತಿ ಬಿಟ್ಟಿರುತ್ತಾನೆ. ಅಲ್ಲಿ ಸ್ಪೀಕರ್ ಹಾಕಿದರೆ ಸದ್ದು ಸುತ್ತಲಿಂದ ಬರುವುದಿಲ್ಲ, ಮೇಲಿಂದ ಸುರಿಯುತ್ತದೆ. ಕೂತವರ ಪಕ್ಕದ ಗೋಡೆಯಲ್ಲಿ, ಸೋಫಾಕ್ಕಿಂತ ಒಂದೂವರೆ ಎರಡು ಅಡಿ ಹಿಂದೆ, ನೆಲದಿಂದ ನಾಲ್ಕೂವರೆ ಐದು ಅಡಿ ಎತ್ತರದಲ್ಲಿ ಪೈಪಿನ ಬಾಯಿ ಬರಲಿ. ಮುಕ್ಕಾಲು ಇಂಚಿನ ಪೈಪು ಸಾಕು. ಕರೆಂಟಿನ ಪೈಪಿನಿಂದ ಅದು ಬೇರೆಯಾಗಿಯೇ ಇರಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ.

ಜಾಗದ ಕೆಲಸಕ್ಕೆ ಬೇಕಾಗುವುದು ಟೇಪು ಒಂದೇ. ಮೊದಲು ಮುಖ್ಯ ಕುರ್ಚಿ ಯಾವುದು ಅಂತ ತೀರ್ಮಾನಿಸಿ. ನಮ್ಮ ಅಭಿಪ್ರಾಯ ಕೇಳಿದರೆ, ರಿಮೋಟ್ ಹಿಡಿಯುವವರ ಜಾಗ ಅಲ್ಲ, ಮನೆಯಲ್ಲಿ ಕಿವಿ ಮಂದವಾದವರು ಯಾರಿದ್ದಾರೋ ಅವರು ಕೂರುವ ಜಾಗ. ಅಜ್ಜಿಗೆ ಮಾತು ತಿಳಿದರೆ ಉಳಿದವರಿಗೆ ತಿಳಿದೇ ತಿಳಿಯುತ್ತದೆ. ಅವರು ಕೂತಾಗ ಕಿವಿ ನೆಲದಿಂದ ಎಷ್ಟು ಎತ್ತರ ಅಳೆಯಿರಿ, ಸಾಮಾನ್ಯವಾಗಿ ಮೂರೂಕಾಲರಿಂದ ಮೂರೂವರೆ ಅಡಿ. ಎಡ, ಬಲ ಸ್ಪೀಕರುಗಳ ಟ್ವೀಟರ್ (ತೀಕ್ಷ್ಣ ಸ್ವರ ಬರುವ ಸಣ್ಣ ಭಾಗ) ಆ ಎತ್ತರಕ್ಕೆ ಬರಲಿ. ಕುರ್ಚಿಯಿಂದ ಎಡ ಸ್ಪೀಕರಿಗೆ 9 ಅಡಿ ಇದ್ದರೆ ಎಡದಿಂದ ಬಲಕ್ಕೂ 9 ಅಡಿ, ಅಂದರೆ ಮೂರೂ ಬದಿ ಸಮ ಇರುವ ತ್ರಿಕೋನ. ಸ್ಟುಡಿಯೋಗಳು ಅನುಸರಿಸುವ 30 ಡಿಗ್ರಿ ಲೆಕ್ಕ ಇದೇ. ಅಷ್ಟು ಅಗಲ ಸಿಗದ ಹಾಲಿನಲ್ಲಿ 7 ಅಡಿಗೆ ಇಳಿಸಿದರೂ ನಡೆಯುತ್ತದೆ. ಒಂದು ಮಾತ್ರ ತಪ್ಪಬಾರದು: ಎಡ ಬಲ ಎರಡೂ ಕುರ್ಚಿಗೆ ಸಮ ದೂರ ಇರಬೇಕು. ಗೋಡೆಯಿಂದ ಅರ್ಧ ಅಡಿಯಾದರೂ ಮುಂದೆ ತನ್ನಿ, ಮುಖವನ್ನು ಕುರ್ಚಿಯ ಕಡೆಗೆ ಸ್ವಲ್ಪ ತಿರುಗಿಸಿ.

ಸೆಂಟರ್ ಸ್ಪೀಕರಿಗೆ ಹೆಚ್ಚು ಹೊತ್ತು ಕೊಡಿ. ಸಿನಿಮಾದ ಮಾತಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅದರಿಂದಲೇ ಬರುತ್ತದೆ. ಟಿವಿ ಯೂನಿಟ್ಟಿನ ಗೂಡಿನಲ್ಲಿ ಗೋಡೆಗೆ ಒತ್ತಿ ಇಟ್ಟರೆ ಸುತ್ತಲಿನ ಪ್ಲೈವುಡ್ ಪೆಟ್ಟಿಗೆಯೂ ಜತೆಗೆ ಹಾಡುತ್ತದೆ, ಗಂಡಸರ ದನಿ ಕೊಡದೊಳಗಿಂದ ಬಂದಂತೆ ಆಗುತ್ತದೆ. ಅದನ್ನು ಮುಂದಕ್ಕೆ ಎಳೆದು, ಅದರ ಮುಖ ಹಲಗೆಯ ಅಂಚಿಗೆ ಸಮವಾಗಿ ಅಥವಾ ಅರ್ಧ ಇಂಚು ಆಚೆಗೇ ಬರುವಂತೆ ಇಡಿ. ಹಲಗೆ ಮುಂದೆ ಚಾಚಿಕೊಂಡಿದ್ದರೆ ಸದ್ದು ಮೊದಲು ಅದಕ್ಕೆ ಬಡಿದು ಆಮೇಲೆ ನಿಮ್ಮ ಹತ್ತಿರ ಬರುತ್ತದೆ. ಟಿವಿಯ ಕೆಳಗೆ ಮೊಣಕಾಲೆತ್ತರದಲ್ಲಿ ಇದ್ದರೆ ಮುಂದಿನ ಅಂಚಿನ ಕೆಳಗೆ ಎರಡು ರಬ್ಬರ್ ತುಂಡು ಇಟ್ಟು ಮುಖ ಮೇಲೆತ್ತಿ. ಬಗ್ಗಿ ಅದರ ಹಿಂದೆ ಕಣ್ಣಿಟ್ಟು ನೋಡಿದಾಗ ಪೆಟ್ಟಿಗೆಯ ಮೇಲ್ಮೈ ಗುರಿ ಹಿಡಿದಂತೆ ಕೂತವರ ಮುಖಕ್ಕೆ ಹೋಗಬೇಕು. ಈ ಒಂದು ಕೆಲಸಕ್ಕೆ ಐದು ನಿಮಿಷ ಸಾಕು, ಮನೆಯವರೆಲ್ಲ ಗಮನಿಸುವ ಬದಲಾವಣೆಯೂ ಇದೇ.

ಹಿಂದಿನವು ನೇರ ಬೆನ್ನ ಹಿಂದೆ ಇರಬಾರದು. ಮುಂದೆ ನೋಡುತ್ತಾ ಕೂತಾಗ ಭುಜದ ಸಾಲಿಗಿಂತ ಸ್ವಲ್ಪ ಹಿಂದೆ, ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಒಂದು ಒಂದೂವರೆ ಅಡಿ ಮೇಲೆ. ಸೋಫಾದ ಅಂಚಿನಲ್ಲಿ ಕೂತವರ ಕಿವಿಗೇ ಅಂಟಿಕೊಂಡರೆ ಅವರಿಗೆ ಬೇರೆ ಏನೂ ಕೇಳಿಸುವುದಿಲ್ಲ, ಮೂರು ಅಡಿಯಾದರೂ ಬಿಡುವಿರಲಿ.

ಈಗ ಮನೆಯ ವಿಷಯ. ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯ ಮನೆಗಳು ಸದ್ದಿನ ಮಟ್ಟಿಗೆ ಎರಡು ಬೇರೆ ಜಾತಿ. ಹಾಸನದಲ್ಲಿ 30×40 ಸೈಟಿನ ಆರ್‌ಸಿಸಿ ಮನೆಯ ಹಾಲ್ ಅಂದರೆ ಅಂದಾಜು 12×16 ಅಡಿ, 10 ಅಡಿ ಎತ್ತರ, ನೆಲಕ್ಕೆ ನುಣುಪು ಟೈಲ್ಸ್, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ‘ಟರ್‌ರ್’ ಎಂದು ತಂತಿ ಮೀಟಿದಂಥ ಬಾಲ ಉಳಿದರೆ ಸದ್ದು ಎರಡು ಬರಿ ಗೋಡೆಗಳ ನಡುವೆ ಚೆಂಡಾಡುತ್ತಿದೆ ಎಂದರ್ಥ. ಮಾತಿನ ಸ, ಷ, ತ, ಕ ಅಕ್ಷರಗಳು ಕಲಸಿಹೋಗುವುದು ಅದರಿಂದಲೇ. ಸ್ಪೀಕರಿಗೂ ಸೋಫಾಕ್ಕೂ ನಡುವೆ ಒಂದು ದಪ್ಪ ಜಮಖಾನ, ಗಾಜಿಗೆ ನಿರಿಗೆ ಜಾಸ್ತಿ ಇರುವ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು. ಇಷ್ಟರಲ್ಲಿ ಆ ಬಾಲ ಮುಕ್ಕಾಲು ಸಾಯುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಬೇಸ್ ಸದ್ದಿಗೆ ಅದರಿಂದ ಏನೂ ಆಗುವುದಿಲ್ಲ, ಮಾತಿಗೆ ಆಗುವುದು ಅಲ್ಪ, ಬೆಂಕಿ ತಗುಲುವ ಅಪಾಯ ಮಾತ್ರ ಖಂಡಿತ.

ಬೇಸಿನ ಕಥೆ ಬೇರೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕೋಣೆಯ ಉದ್ದಕ್ಕೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ ಅಲ್ಲೇ ನಿಂತು ಉಬ್ಬುತ್ತದೆ. 16 ಅಡಿಗೆ ಅದು 35 ಹರ್ಟ್ಸ್ (ಸೆಕೆಂಡಿಗೆ 35 ಕಂಪನ), 12 ಅಡಿಗೆ 47, 10 ಅಡಿ ಎತ್ತರಕ್ಕೆ 56. ಗೋಡೆಯ ಹತ್ತಿರ ಈ ಉಬ್ಬು ಗರಿಷ್ಠ, ಕೋಣೆಯ ನಟ್ಟನಡುವೆ ಅದು ಕಾಣೆ. ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿದ ಮನೆಗಳಲ್ಲಿ ಬೇಸ್ ಗುಮ್ಮೆನ್ನುವುದು ಇದರಿಂದ. ಒಂದೂವರೆ ಅಡಿ ಮುಂದೆ ಎಳೆಯಿರಿ, ರಿಸೀವರಿನ ಯಾವ ಈಕ್ವಲೈಸರಿನಿಂದಲೂ ಸಿಗದಷ್ಟು ಫಲ ಅದರಿಂದ ಸಿಗುತ್ತದೆ. ಉದ್ದ ಅಗಲ ಸಮ ಇರುವ 12×12 ಕೋಣೆ ಎಲ್ಲಕ್ಕಿಂತ ಕಷ್ಟದ್ದು, ಎರಡು ಉಬ್ಬು ಒಂದೇ ಸ್ವರದ ಮೇಲೆ ಬೀಳುತ್ತವೆ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಹಾಗಲ್ಲ. ಮಾಡು ಇಳಿಜಾರು, ನೆಲಕ್ಕೂ ಮಾಡಿಗೂ ಸಮಾನಾಂತರ ಇಲ್ಲ. ಹೆಂಚಿನ ಸಂದು, ನಡುಮನೆ, ತೊಟ್ಟಿ ಎಲ್ಲ ಕಡೆಯಿಂದ ಬೇಸ್ ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಅಲ್ಲಿ ಮಾತು ಹಿತವಾಗಿರುತ್ತದೆ, ಸಬ್‌ವೂಫರ್ ಮಾತ್ರ ಸಾಲದು ಅನ್ನಿಸುತ್ತದೆ. ಪೇಟೆಯ ಅಂಗಡಿಯ ಮುಚ್ಚಿದ ಕೋಣೆಯಲ್ಲಿ ಕೇಳಿ ತಂದ 8 ಇಂಚಿನ ಸಬ್ ಸಕಲೇಶಪುರದ ತೋಟದ ಮನೆಯ ಪಡಸಾಲೆಯಲ್ಲಿ ಬಡವಾಗುವುದು ಈ ಕಾರಣಕ್ಕೆ. ಅಂಥ ಮನೆಗೆ 10 ಅಥವಾ 12 ಇಂಚಿನದು ಬೇಕು, ಅದನ್ನು ಮೂಲೆಗೆ ಹತ್ತಿರ ಇಡಬೇಕು. ಜತೆಗೆ ಅಟ್ಟದ ಹಲಗೆ, ಅದರ ಮೇಲಿನ ಹಿತ್ತಾಳೆ ಹಂಡೆ, ಅಡುಗೆಮನೆಯ ಸ್ಟೀಲ್ ಡಬ್ಬಿ ಒಂದೊಂದು ಸ್ವರಕ್ಕೆ ಒಂದೊಂದು ನಡುಗುತ್ತವೆ. 30ರಿಂದ 80 ಹರ್ಟ್ಸ್‌ವರೆಗೆ ನಿಧಾನ ಏರುವ ಟೋನ್ ಹಾಕಿ, ಒಬ್ಬರು ಮನೆಯಲ್ಲಿ ಓಡಾಡುತ್ತಾ ಎಲ್ಲಿ ಗಿರಗಿರ ಅನ್ನುತ್ತದೆ ಹಿಡಿಯಿರಿ. ಹಳೆ ಸೈಕಲ್ ಟ್ಯೂಬಿನ ಚೂರು ಅಡಿಗಿಟ್ಟರೆ ಅಲ್ಲಿಗೆ ಮುಗಿಯಿತು. ಸ್ಪೀಕರ್ ಹರಿದಿದೆ ಎಂದು ರಿಪೇರಿಗೆ ಹೊರಡುವ ಮುನ್ನ ಈ ಸುತ್ತು ಹಾಕಲೇಬೇಕು.

ಸಬ್‌ವೂಫರಿನ ಜಾಗ ಹುಡುಕಲು ಒಂದು ಹಳೆಯ ಉಪಾಯ ಇದೆ, ನೋಡುವವರಿಗೆ ವಿಚಿತ್ರ ಕಂಡರೂ ಕೆಲಸ ಮಾಡುತ್ತದೆ. ಅಜ್ಜಿಯ ಕುರ್ಚಿ ಸರಿಸಿ ಅಲ್ಲಿ ಸಬ್ ಇಡಿ. ಸ್ವರ ಏರಿಳಿಯುವ ಬೇಸ್ ಇರುವ ಹಾಡು ಹಾಕಿ. ಈಗ ಮುಂದಿನ ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಕಿವಿ ನೆಲದ ಹತ್ತಿರ ಇಟ್ಟು ಹೋಗಿ. ಎಲ್ಲಿ ಎಲ್ಲ ಸ್ವರವೂ ಹೆಚ್ಚುಕಡಿಮೆ ಸಮ ಕೇಳುತ್ತದೋ, ಯಾವುದೂ ಗುಮ್ಮೆನ್ನುವುದಿಲ್ಲವೋ, ಅದೇ ಸಬ್‌ನ ಜಾಗ. ಅಲ್ಲಿಟ್ಟರೆ ಕುರ್ಚಿಯಲ್ಲಿ ಅದೇ ಸದ್ದು ಸಿಗುತ್ತದೆ.

ಜಾಗ ಗಟ್ಟಿಯಾದ ಮೇಲೆ ಮೆನು. ‘ಲಾರ್ಜ್’, ‘ಸ್ಮಾಲ್’ ಎಂಬ ಎರಡು ಪದ ಬಹಳ ಜನರ ದಾರಿ ತಪ್ಪಿಸಿವೆ. ಸ್ಪೀಕರಿನ ಗಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಸ್ಮಾಲ್ ಅಂದರೆ ಈ ಸ್ಪೀಕರಿನ ಬೇಸನ್ನು ಸಬ್‌ಗೆ ಕಳಿಸು ಅಂತ ಅರ್ಥ, ಅಷ್ಟೇ. ಸಬ್ ಇರುವ ಮನೆಯಲ್ಲಿ ಐದನ್ನೂ ಸ್ಮಾಲ್ ಮಾಡಿ. ಎಷ್ಟರ ಕೆಳಗಿನದನ್ನು ಕಳಿಸಬೇಕು ಎಂಬುದು ಕ್ರಾಸ್‌ಓವರ್. 5, 6 ಇಂಚಿನ ಕೋನ್ ಇರುವ ಪೆಟ್ಟಿಗೆಗೆ 80 ಹರ್ಟ್ಸ್, 4 ಇಂಚಿಗೆ 100, ಅಂಗೈ ಗಾತ್ರದ 3 ಇಂಚಿನ ಸ್ಯಾಟಲೈಟ್‌ಗೆ 120ರಿಂದ 150. ಸಣ್ಣ ಸ್ಪೀಕರಿಗೆ 80 ಕೊಟ್ಟರೆ 80ಕ್ಕೂ 130ಕ್ಕೂ ನಡುವೆ ಯಾರೂ ಹೊರದ ಒಂದು ಗುಂಡಿ ಬೀಳುತ್ತದೆ, ಗಂಡಸರ ದನಿ ತೆಳ್ಳಗಾಗುತ್ತದೆ, ಏರಿಸಿದರೆ ಕೋನ್ ಪಟಪಟ ಹೊಡೆದುಕೊಳ್ಳುತ್ತದೆ. 150 ಕೊಟ್ಟಾಗ ಸಬ್ ಎಲ್ಲಿದೆ ಎಂದು ಕಿವಿಗೆ ಗೊತ್ತಾಗತೊಡಗುತ್ತದೆ, ಹಾಗಾಗಿ ಅಂಥ ಸೆಟ್‌ನಲ್ಲಿ ಸಬ್ ಸೆಂಟರ್ ಸ್ಪೀಕರಿನ ಹತ್ತಿರವೇ ಇರಲಿ. 5.1ರಲ್ಲಿ ಆ ‘.1’ ಅನ್ನುವುದು ಬೇರೆಯದೇ ಒಂದು ಚಾನೆಲ್, ಎಲ್‌ಎಫ್‌ಇ (ಸಿನಿಮಾದಲ್ಲೇ ಪ್ರತ್ಯೇಕವಾಗಿ ಹಾಕಿದ ಆಳದ ಸದ್ದು). ಅದಕ್ಕೆ ಪ್ರತ್ಯೇಕ ಮಿತಿ ಕೇಳಿದರೆ 120 ಹರ್ಟ್ಸ್ ಕೊಡಿ.

ಸಬ್‌ವೂಫರಿನ ಬೆನ್ನಲ್ಲೂ ಒಂದು ಕ್ರಾಸ್‌ಓವರ್ ತಿರುಗಣೆ ಇರುತ್ತದೆ. ರಿಸೀವರ್ ಈ ಕೆಲಸ ಮಾಡುತ್ತಿರುವಾಗ ಅದನ್ನು ಗರಿಷ್ಠಕ್ಕೆ ಅಥವಾ ಎಲ್‌ಎಫ್‌ಇ ಗುರುತಿಗೆ ತಿರುಗಿಸಿಬಿಡಿ. ಇಲ್ಲದಿದ್ದರೆ ಎರಡು ಜರಡಿ ಒಂದರ ಮೇಲೊಂದು ಕೂರುತ್ತವೆ. ವಾಲ್ಯೂಮ್ ಅರ್ಧದಲ್ಲಿರಲಿ. ಫೇಸ್ ಸ್ವಿಚ್ 0, 180 ಎರಡರಲ್ಲಿ ಯಾವುದೆಂದು ತಿಳಿಯಲು ಕ್ರಾಸ್‌ಓವರ್ ಸ್ವರವನ್ನೇ, ಅಂದರೆ ಅದು 80 ಇದ್ದರೆ 80 ಹರ್ಟ್ಸ್ ಟೋನನ್ನೇ ಹಾಕಿ. ಒಬ್ಬರು ಸ್ವಿಚ್ ಬದಲಿಸಲಿ, ಕುರ್ಚಿಯಲ್ಲಿ ಕೂತವರಿಗೆ ಯಾವುದು ಜೋರು ಕೇಳುತ್ತದೋ ಅದೇ ಸರಿ.

ದೂರದ ಮೆನುವಿನಲ್ಲಿ ನೀವು ಹಾಕುವ ಅಡಿಗಳನ್ನು ರಿಸೀವರ್ ಸಮಯವಾಗಿ ಬದಲಿಸಿಕೊಳ್ಳುತ್ತದೆ. ಸದ್ದಿಗೆ ಒಂದು ಅಡಿ ದಾಟಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಮುಂದಿನದು 10 ಅಡಿ, ಹಿಂದಿನದು 4 ಅಡಿ ದೂರ ಇದ್ದರೆ ಹಿಂದಿನ ಸದ್ದು 5 ಮಿಲಿಸೆಕೆಂಡಿಗೂ ಸ್ವಲ್ಪ ಮೊದಲೇ ಬಂದುಬಿಡುತ್ತದೆ. ಮೊದಲು ಬಂದ ಸದ್ದಿನ ದಿಕ್ಕನ್ನೇ ಕಿವಿ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಅಳೆದು ತೋರಿಸಿದ. ಅದಕ್ಕೇ ದೂರ ತಪ್ಪಾದ ಮನೆಯಲ್ಲಿ ಮಳೆ, ಜಾತ್ರೆ, ಜನಸಂದಣಿ ಎಲ್ಲವೂ ಒಂದೇ ಪಕ್ಕಕ್ಕೆ ವಾಲುತ್ತದೆ. ಟೇಪಿನ ತುದಿಯನ್ನು ಕಿವಿಯಿದ್ದ ಜಾಗದಿಂದ ಪ್ರತಿ ಸ್ಪೀಕರಿನ ಮುಖಕ್ಕೆ ಹಿಡಿದು ಅಳೆಯಿರಿ, ಕಾಲು ಅಡಿಯವರೆಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕಮಗಳೂರಿನ ಚಳಿಗೆ ಲೆಕ್ಕ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸದ್ದಿನ ವೇಗ ಉಷ್ಣತೆಯ ಮೇಲೆ ನಿಂತಿರುವುದು ನಿಜ, 15ರಿಂದ 35 ಡಿಗ್ರಿಗೆ ಏರಿದರೆ ಸೆಕೆಂಡಿಗೆ 12 ಮೀಟರ್ ಹೆಚ್ಚುತ್ತದೆ. ಆದರೆ 10 ಅಡಿಗೆ ಅದು ನಾಲ್ಕು ಇಂಚಿನ ಮಾತು, ಅದೂ ಎಲ್ಲ ಸ್ಪೀಕರಿಗೂ ಒಂದೇ ಪ್ರಮಾಣದಲ್ಲಿ. ಮರೆತುಬಿಡಿ.

ಮಟ್ಟ ಹೊಂದಿಸುವ ದಿನ ಫ್ಯಾನ್, ಫ್ರಿಜ್ ಆರಿಸಿ. ಸಂಜೆಯ ಜೀರುಂಡೆ ಸದ್ದು ಮಲೆನಾಡಿನ ಕಡೆ ಮೀಟರನ್ನೇ ಏರಿಸಿಬಿಡುತ್ತದೆ, ಬೆಳಗ್ಗೆ ಹತ್ತರ ಹೊತ್ತು ವಾಸಿ. ಟೆಸ್ಟ್ ಟೋನ್ ಆನ್ ಮಾಡಿದರೆ ಎಡ ಸ್ಪೀಕರಿನಿಂದ ‘ಶ್’ ಎಂಬ ಸದ್ದು ಶುರುವಾಗಿ, ಸೆಂಟರಿಗೆ, ಬಲಕ್ಕೆ, ಬಲ ಹಿಂದಕ್ಕೆ, ಎಡ ಹಿಂದಕ್ಕೆ ಸುತ್ತುತ್ತದೆ. ಮುಚ್ಚಿದ ಕಣ್ಣಿಗೆ ಯಾರೋ ಒಬ್ಬರು ತೊರೆಯ ಸದ್ದು ಹೊತ್ತು ಕುರ್ಚಿಯ ಸುತ್ತ ನಡೆದಂತೆ ಕೇಳಬೇಕು. ಎಲ್ಲೂ ಹತ್ತಿರ ಬರಬಾರದು, ದೂರ ಹೋಗಬಾರದು, ಬಣ್ಣ ಬದಲಾಗಬಾರದು. ಫೋನಿನ ಸದ್ದು ಅಳೆಯುವ ಆ್ಯಪನ್ನು ಸಿ ವೇಯ್ಟಿಂಗ್, ಸ್ಲೋ ಎಂಬ ಆಯ್ಕೆಗಳಲ್ಲಿ ಇಟ್ಟು, ಕಿವಿಯ ಎತ್ತರದಲ್ಲಿ ಹಿಡಿದು, ಎಡದ್ದು 75 ಡೆಸಿಬಲ್ ತೋರಿಸುವಂತೆ ಮಾಡಿ ಉಳಿದವನ್ನೂ ಅಷ್ಟಕ್ಕೇ ತನ್ನಿ. ಫೋನಿನ 75 ನಿಜವಾದ 75 ಅಲ್ಲದಿರಬಹುದು. ಒಂದನ್ನು ಇನ್ನೊಂದಕ್ಕೆ ಹೋಲಿಸಲು ಅಷ್ಟು ಸಾಕು. ಸಬ್‌ಗೆ ಮಾತ್ರ ಫೋನನ್ನು ನಂಬಬೇಡಿ, ಮಾತಿಗೆಂದು ಮಾಡಿದ ಅದರ ಮೈಕಿಗೆ ಆಳದ ಸ್ವರ ಸರಿಯಾಗಿ ಹಿಡಿಯುವುದಿಲ್ಲ. ಸಬ್ ಆಫ್ ಮಾಡಿದಾಗ ಏನೋ ಕಳೆದುಹೋಯಿತು ಅನ್ನಿಸಬೇಕು, ಆನ್ ಇದ್ದಾಗ ಅದು ಎಲ್ಲಿದೆ ಅಂತ ಗೊತ್ತಾಗಬಾರದು, ಅಷ್ಟರಲ್ಲಿ ನಿಲ್ಲಿಸಿ. ಇಷ್ಟೆಲ್ಲ ಮಾಡಿದ ಮೇಲೆ “ಹಿಂದಿನದು ಕೇಳ್ತಾನೇ ಇಲ್ಲ” ಎಂದು ಯಾರಾದರೂ ಹೇಳುತ್ತಾರೆ. ಏರಿಸಬೇಡಿ. ಸಿನಿಮಾದಲ್ಲಿ ಹಿಂದಿನ ಚಾನೆಲ್‌ಗೆ ಕೆಲಸ ಕಡಿಮೆ, ಮಾತಿನ ದೃಶ್ಯದಲ್ಲಿ ಅವು ಸುಮ್ಮನಿರುವುದೇ ಸರಿ.

ಮೈಕ್ ಕೊಟ್ಟಿರುವ ರಿಸೀವರ್ ಈ ಕೊನೆಯ ಮೂರು ಹೆಜ್ಜೆಯನ್ನು ತಾನೇ ಮಾಡುತ್ತದೆ. ಮೈಕನ್ನು ಸೋಫಾದ ಬೆನ್ನಿಗೆ ಒರಗಿಸಬೇಡಿ, ಕ್ಯಾಮೆರಾ ಟ್ರೈಪಾಡಿನ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಮೊದಲ ಅಳತೆ ಮುಖ್ಯ ಕುರ್ಚಿಯದೇ ಆಗಿರಲಿ, ದೂರ ಮತ್ತು ಮಟ್ಟದ ಲೆಕ್ಕ ಅಲ್ಲಿಂದ ಹೊರಡುತ್ತದೆ. ಮುಗಿದ ಮೇಲೆ ಅದು ಬರೆದದ್ದನ್ನು ಓದಿ. ದೊಡ್ಡ ಸ್ಪೀಕರನ್ನು ಲಾರ್ಜ್ ಮಾಡಿದ್ದರೆ ಸ್ಮಾಲ್ ಮಾಡಿ. ಕ್ರಾಸ್‌ಓವರನ್ನು ಅದು ಕೊಟ್ಟದ್ದಕ್ಕಿಂತ ಏರಿಸಬಹುದು, ಇಳಿಸಬಾರದು. ಸಬ್‌ನ ದೂರ 10 ಅಡಿ ಇದ್ದದ್ದು 14 ಎಂದು ಬಂದರೆ ಗಾಬರಿ ಬೇಡ, ಸಬ್‌ನ ಒಳಗಿನ ಸರ್ಕ್ಯೂಟಿನ ವಿಳಂಬವನ್ನೂ ಅದು ಸೇರಿಸಿಕೊಂಡಿದೆ. ಹಾಗೇ ಬಿಡಿ. ಸಬ್‌ನ ಮಟ್ಟ −12 ಎಂದು ತಳ ಮುಟ್ಟಿದ್ದರೆ ಮಾತ್ರ ಅದರ ಬೆನ್ನಿನ ವಾಲ್ಯೂಮ್ ಇಳಿಸಿ ಮತ್ತೆ ಅಳೆಸಬೇಕು.

ತುಟಿಗೂ ಮಾತಿಗೂ ಹೊಂದದಿದ್ದರೆ ವಾರ್ತೆ ಓದುವವರನ್ನು ನೋಡಿ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಸದ್ದು ಮೊದಲು ಬಂದು ತುಟಿ ಆಮೇಲೆ ಮುಚ್ಚಿದರೆ ಆಡಿಯೋ ಡಿಲೇಯನ್ನು 40 ಮಿಲಿಸೆಕೆಂಡಿಗೆ ಇಟ್ಟು 10, 10 ಏರಿಸುತ್ತಾ ಹೋಗಿ.

ಮಳೆಗಾಲಕ್ಕೆ ಬೇರೆಯೇ ಒಂದು ಸೆಟ್ಟಿಂಗ್ ಬೇಕು ಎನ್ನುವುದನ್ನು ಯಾವ ಮ್ಯಾನುಯಲ್ಲೂ ಹೇಳುವುದಿಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದು ಹಗಲೂ ರಾತ್ರಿ ಹೆಂಚಿನ ಮೇಲೆ ಹೊಯ್ಯುವಾಗ, ಅದರಲ್ಲೂ ಶೀಟಿನ ಮಾಡಿನ ಕೆಳಗೆ, ಮಳೆಯ ಸದ್ದು ಮಾತಿನ ಸಣ್ಣ ವ್ಯಂಜನಗಳನ್ನೆಲ್ಲ ನುಂಗುತ್ತದೆ. ಒಟ್ಟು ವಾಲ್ಯೂಮನ್ನು 10 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಪವರ್ ಕೊಡಬೇಕು. 5 ವ್ಯಾಟ್ ಸಾಕಾಗುತ್ತಿದ್ದಲ್ಲಿ 50. ಸಣ್ಣ ಆಂಪ್ ಅಲ್ಲಿ ಕೈಚೆಲ್ಲಿ ಸದ್ದನ್ನು ಚಪ್ಪಟೆ ಮಾಡುತ್ತದೆ, ಮೊದಲು ಸುಡುವುದು ಟ್ವೀಟರ್. ಅದರ ಬದಲು ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಕಂಪ್ರೆಷನ್ ಆನ್ ಮಾಡಿ, ಸೆಂಟರನ್ನು 2, 3 ಡೆಸಿಬಲ್ ಏರಿಸಿ. ಪಿಸುಮಾತು ಮೇಲೆ ಬರುತ್ತದೆ, ಸಿಡಿತ ಕೆಳಗೆ ಬರುತ್ತದೆ. ರಿಸೀವರಿನಲ್ಲಿ ಪ್ರೀಸೆಟ್ ಇದ್ದರೆ ಇದನ್ನು ಎರಡನೆಯದಾಗಿ ಉಳಿಸಿಡಿ, ಮಳೆ ಬಿಟ್ಟ ಮೇಲೆ ಮೊದಲನೆಯದಕ್ಕೆ ವಾಪಸ್ ತನ್ನಿ.

ಆ ಮಳೆಗೆ ಮುಂಚಿನ ಭರಣಿ, ಕೃತ್ತಿಕೆಯ ಗುಡುಗು ಸಾಮಾನಿಗೆ ಹೆಚ್ಚು ಅಪಾಯ. ಸಿಡಿಲಿನ ಏಟು ಪ್ಲಗ್ಗಿನಿಂದ ಮಾತ್ರವಲ್ಲ, ಡಿಶ್ ಕೇಬಲ್ಲಿನಿಂದಲೂ ಬಂದು ಎಚ್‌ಡಿಎಂಐ ಕಿಂಡಿಗಳನ್ನು ಸುಡುತ್ತದೆ. ಮೋಡ ಕಟ್ಟಿದಾಗಲೇ ಎರಡನ್ನೂ ಕಿತ್ತಿಡಿ. ಸಬ್‌ನಿಂದ ಸದಾ ‘ಹುಂ’ ಎಂಬ 50 ಹರ್ಟ್ಸ್ ಗುನುಗು ಬಂದರೂ ಮೊದಲು ಅದೇ ಕೇಬಲ್ ಕಿತ್ತು ನೋಡಿ, ನಿಂತರೆ ಅರ್ತಿಂಗ್ ಎರಡು ದಾರಿಯಲ್ಲಿ ಸುತ್ತುತ್ತಿದೆ ಎಂದರ್ಥ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದರೆ ಬಹಳ ಸಲ ಹೋಗುತ್ತದೆ. ಅರ್ತ್ ಪಿನ್ ಕತ್ತರಿಸಿ ಗುನುಗು ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಅಪಾಯ, ಎಂದಿಗೂ ಬೇಡ. ಶೀತ ಹಿಡಿದ ಗೋಡೆಗೆ ತಾಗಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆಯ) ಪೆಟ್ಟಿಗೆ ಒಂದೇ ಮಳೆಗಾಲದಲ್ಲಿ ಊದಿ ಅಂಚು ಬಿಡುತ್ತದೆ. ತಂತಿಯ ತುದಿ ಹಸಿರು ಕಿಲುಬು ಹಿಡಿದಿದ್ದರೆ ಒಂದು ಇಂಚು ಕತ್ತರಿಸಿ ಹೊಸದಾಗಿ ಸುಲಿಯಿರಿ. ಪೆಟ್ಟಿಗೆಯ ಹಿಂದಿನ ಗಾಳಿಯ ಕೊಳವೆಗೆ ಟಾರ್ಚ್ ಬಿಟ್ಟು ನೋಡುವುದನ್ನೂ ಮರೆಯಬೇಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿದರೆ ಒಂದು ಪಕ್ಕದ ಬೇಸ್ ಸದ್ದಿಲ್ಲದೆ ಸೊರಗುತ್ತದೆ, ಮೆನುವಿನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ.

ಎಲ್ಲ ಮುಗಿದ ಮೇಲೆ ಐದು ದೂರ, ಐದು ಮಟ್ಟ, ಕ್ರಾಸ್‌ಓವರ್, ಸಬ್‌ನ ತಿರುಗಣೆ ಎಲ್ಲಿದೆ, ಫೇಸ್ ಸ್ವಿಚ್ ಯಾವ ಕಡೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಟಿವಿ ಯೂನಿಟ್ಟಿನ ಬಾಗಿಲ ಒಳಬದಿಗೆ ಅಂಟಿಸಿ. ಕರೆಂಟು ಹೋಗಿ ಬಂದು ರಿಸೀವರಿನ ನೆನಪು ಅಳಿಸಿಹೋದರೆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮತ್ತೆ ಕೂರಿಸಬಹುದು. ಅಜ್ಜಿಯ ಕುರ್ಚಿ ಬೇರೆ ಜಾಗಕ್ಕೆ ಹೋಯಿತೆಂದರೆ ಮಾತ್ರ ಆ ಚೀಟಿ ಹರಿದುಹಾಕಿ, ಟೇಪು ತೆಗೆದುಕೊಂಡು ಮೊದಲಿನಿಂದ ಶುರು ಮಾಡಿ.